ಮೂಲಗಳ ಪ್ರಕಾರ

ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಪತ್ರಿಕೆಗೆ ಸೇರಿದ ಮೊದಲ ವಾರವೇ ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಮೆಟ್ಟಿಕೊಂಡು ಶಾಸನಸಭೆಗೆ ಓಡಿದ್ದಳಂತೆ. ಅಂದಿನಿಂದ ಹೆಸರು ಅಂಟಿಕೊಂಡಿತು. ಸಂಪಾದಕರಿಂದ ಹಿಡಿದು ಸಭೆಯ ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಗಡಿಬಿಡಿಯೇ. ಚಹಾ ತರಿಸಿಕೊಂಡರೆ ಆರುವ ಮೊದಲೇ ಎದ್ದು ಹೋಗಿರುತ್ತಿದ್ದಳು. ಫೋನಿನಲ್ಲಿ ಮಾತಾಡುತ್ತ ಕಚೇರಿಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು.

ಅವಳು ಕೂತಲ್ಲಿ ಕೂರುತ್ತಿದ್ದುದು ಒಂದೇ ಜಾಗದಲ್ಲಿ, ಸದನದ ಪತ್ರಕರ್ತರ ಗ್ಯಾಲರಿಯಲ್ಲಿ. ಬೆಳಗಿನ ಗಂಟೆ ಬಾರಿಸಿದಾಗ ಮೂರನೆಯ ಸಾಲಿನ ತುದಿಯಲ್ಲಿ ಕೂತರೆ, ಸಭೆ ಮುಂದೂಡಿದ ಮೇಲೆಯೇ ಏಳುತ್ತಿದ್ದಳು. ಉಳಿದ ವರದಿಗಾರರು ಕ್ಯಾಂಟೀನಿನಲ್ಲಿ ಹರಟುವಾಗಲೂ ಅವಳು ಅಲ್ಲೇ ಇರುತ್ತಿದ್ದಳು. ಖಾಲಿ ಬೆಂಚುಗಳ ನಡುವೆ ಯಾವನೋ ಸದಸ್ಯ ಗೊಣಗಿದ ಒಂದು ವಾಕ್ಯದಿಂದಲೇ ಎಷ್ಟೋ ಸಲ ಅವಳಿಗೆ ಮರುದಿನದ ಮುಖಪುಟ ಸಿಕ್ಕಿತ್ತು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಅವಳ ಅಪ್ಪ ಅದೇ ಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೇ ಬಂದಿದ್ದರು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಅಚ್ಚಾಗಿ ಹೋದದ್ದನ್ನು ತಿದ್ದಿ ಏನು ಪ್ರಯೋಜನ ಎಂದು ಅಳಿಯ ಕೇಳಿದರೆ, "ಕೈಗೆ ಅಭ್ಯಾಸ ಆಗಿದೆ ಮಾರಾಯ, ಬಿಟ್ರೆ ಕೆರೆಯುತ್ತೆ" ಎನ್ನುತ್ತಿದ್ದರು. ಅಳಿಯ ಔಷಧದಂಗಡಿ ನಡೆಸುತ್ತಿದ್ದ. ಸಮಾಧಾನದ ಮನುಷ್ಯ. ಮನೆಯಲ್ಲಿ ಒಬ್ಬರಾದರೂ ನಿಧಾನವಾಗಿ ಉಣ್ಣಬೇಕೆಂದು ಪಣ ತೊಟ್ಟವನಂತೆ ಉಣ್ಣುತ್ತಿದ್ದ.

ನಲವತ್ತೆರಡನೆಯ ವಯಸ್ಸಿನಲ್ಲಿ ಅವಳು ಟಿವಿಗೆ ಹೋದಳು. ಹೊಸದಾಗಿ ಶುರುವಾದ ಸುದ್ದಿವಾಹಿನಿಯ ಮುಖ್ಯಸ್ಥ ತಾನೇ ಪತ್ರಿಕೆಯ ಕಚೇರಿಗೆ ಬಂದು ಕರೆದಿದ್ದ. "ಮೇಡಂ, ನೀವು ಬರೆದದ್ದನ್ನ ನಾಳೆ ಓದ್ತಾರೆ. ಹೇಳಿದ್ರೆ ಇವತ್ತೇ ಕೇಳ್ತಾರೆ" ಎಂದಿದ್ದ. ಆ ಮಾತು ಅವಳ ಅವಸರಕ್ಕೆ ಸರಿಯಾಗಿ ನಾಟಿತು. ರಾಜಕೀಯ ವಿಭಾಗದ ಸಂಪಾದಕಿಯಾದಳು. ಒಂದೇ ವರ್ಷದಲ್ಲಿ ರಸ್ತೆಯಲ್ಲಿ ಜನ ಗುರುತಿಸತೊಡಗಿದರು.

ಕೆಲಸ ಮಾತ್ರ ತಲೆಕೆಳಗಾಗಿತ್ತು. ಸದನದೊಳಗೆ ಕ್ಯಾಮೆರಾಗಳಿಗೆ ಪ್ರಶ್ನೋತ್ತರದ ಒಂದು ಗಂಟೆ ಮಾತ್ರ ಪ್ರವೇಶ. ಮಿಕ್ಕ ಹೊತ್ತೆಲ್ಲ ಹೊರಗಿನ ಕಲ್ಲುಮೆಟ್ಟಿಲ ಮೇಲೆ ಮೈಕು ಹಿಡಿದು ನಿಂತು, ಒಳಗೆ ಏನು ನಡೆಯುತ್ತಿದೆ ಎಂದು ಹೇಳಬೇಕು. ಒಳಗಿದ್ದರೆ ಹೇಳುವ ಹಾಗಿಲ್ಲ, ಹೇಳುತ್ತಿದ್ದರೆ ಒಳಗಿರುವ ಹಾಗಿಲ್ಲ. ಗ್ಯಾಲರಿಯ ಮೂರನೆಯ ಸಾಲಿಗೆ ಅವಳು ಹೋಗುವುದು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇ ಹೋಯಿತು. ಅಲ್ಲಿ ಕಿವಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಫೋನು ಮಾಡುತ್ತಿತ್ತು. ಮಂತ್ರಿಗಳ ಕಾರ್ಯದರ್ಶಿಗಳು, ಪಕ್ಷದ ಕಚೇರಿಯವರು, ಪದಾಧಿಕಾರಿಗಳು ದಿನಕ್ಕೆ ನೂರು ಸಲ ಕರೆಯುತ್ತಿದ್ದರು. ಅವಳು ಕೇಳಿಸಿಕೊಂಡದ್ದನ್ನು "ಮೂಲಗಳ ಪ್ರಕಾರ" ಎಂದು ಸೇರಿಸಿ ಹೇಳುತ್ತಿದ್ದಳು.

ಐದು ವರ್ಷ ಅದೂ ಸುಸೂತ್ರವಾಗಿಯೇ ನಡೆಯಿತು.

ಆ ವರ್ಷ ರೈಲು ಹಳಿಯ ಪಕ್ಕದಲ್ಲಿ ಹೊಸ ರಸ್ತೆ ಬರುವುದಿತ್ತು. ಅದಕ್ಕಾಗಿ ಇನ್ನೂರ ಹನ್ನೆರಡು ಮನೆಗಳನ್ನು ಕೆಡವಬೇಕಾಗಿತ್ತು. ಒಂದು ಗುರುವಾರ ಸಂಜೆ, ಸದನ ಮುಗಿಯುವ ಹೊತ್ತಿಗೆ, ಕಾಮಗಾರಿ ಮಂತ್ರಿ ಚರ್ಚೆಗೆ ಉತ್ತರ ಕೊಟ್ಟ. ಗ್ಯಾಲರಿ ಬಹುತೇಕ ಖಾಲಿಯಾಗಿತ್ತು. ಗಡಿಬಿಡಿ ಮೆಟ್ಟಿಲ ಮೇಲೆ ನೇರಪ್ರಸಾರದಲ್ಲಿದ್ದಳು. ಆ ಜನರಿಗೆ ಬೇರೆ ಮನೆ ಕೊಡುತ್ತಾರಂತೆ ಎಂಬಷ್ಟೇ ಸುದ್ದಿ ಹೊರಬಂತು.

ಸೋಮವಾರ ಸದನದ ನಡವಳಿಯ ಮುದ್ರಿತ ಪ್ರತಿ ಸದಸ್ಯರ ಕೈಸೇರಿದಾಗ ಗದ್ದಲವೆದ್ದಿತು. "ಮನೆ ಕೆಡವಿದ ನಂತರ ಬೇರೆ ಮನೆ ಕೊಡುತ್ತೇವೆ" ಎಂದು ಅದರಲ್ಲಿ ಅಚ್ಚಾಗಿತ್ತು. ಪ್ರತಿಪಕ್ಷದವರು ಎದ್ದು ನಿಂತರು. ಮಂತ್ರಿ "ಕೆಡವುವ ಮೊದಲು" ಎಂದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ ಎಂದರು. ಧ್ವನಿಮುದ್ರಿಕೆ ಹಾಕಿ ಎಂದರು. ಅದು ಸಭಾಧ್ಯಕ್ಷರ ಸುಪರ್ದಿನಲ್ಲಿತ್ತು. ಅವರು ಪರಿಶೀಲಿಸುತ್ತೇನೆ ಎಂದು ಹೇಳಿ ಸಭೆಯನ್ನು ಮುಂದೂಡಿದರು.

ಗಡಿಬಿಡಿಯ ಫೋನು ಹೊಡೆದುಕೊಂಡಿತು. ಮಂತ್ರಿಯ ಆಪ್ತ ಕಾರ್ಯದರ್ಶಿ. ಹತ್ತು ವರ್ಷದ ಪರಿಚಯ. ಎಲ್ಲರನ್ನೂ ಅಕ್ಕ, ಅಣ್ಣ ಎಂದೇ ಕರೆಯುವ ಜೇನಿನಂಥ ಮಾತಿನವನು.

"ಅಕ್ಕಾ, ನಿಮಗೊಬ್ಬರಿಗೇ ಹೇಳ್ತಿದ್ದೀನಿ. ಅದು ಶೀಘ್ರಲಿಪಿ ಬರೆಯೋ ಆ ಹೆಂಗಸಿನ ಎಡವಟ್ಟು. ಕಿವಿ ಸರಿ ಇಲ್ವಂತೆ. ಹಿಂದೆಯೂ ಎರಡು ಸಲ ಹೀಗೇ ಮಾಡಿದ್ದಾಳೆ. ಸಾಹೇಬ್ರು ಪಾಪ, ಸಣ್ಣ ನೌಕರಳು ಬಿಡಿ ಅಂತಿದ್ದಾರೆ."

"ಖಾತ್ರಿನಾ?"

"ನನ್ನ ಮೇಲೆ ಆಣೆ. ಬೇರೆ ಚಾನೆಲ್‌ನೋರು ಕಾಯ್ತಿದ್ದಾರೆ. ನೀವು ಬೇಡ ಅಂದ್ರೆ ಹೇಳಿ."

ಕಿವಿಯೊಳಗಿನ ಇಯರ್‌ಫೋನಿನಲ್ಲಿ ಕಂಟ್ರೋಲ್ ರೂಮಿನವರು ಏಳು ನಿಮಿಷ ಇದೆ ಎಂದರು. ಏಳು ನಿಮಿಷದ ನಂತರ ಅವಳು ಹೇಳಿದಳು: "ಮೂಲಗಳ ಪ್ರಕಾರ, ಇದು ಶೀಘ್ರಲಿಪಿಗಾರ್ತಿಯೊಬ್ಬರ ಬೇಜವಾಬ್ದಾರಿಯಿಂದ ಆದ ಪ್ರಮಾದ. ಅವರ ಕಿವಿಯೂ ಸರಿಯಿಲ್ಲ ಎನ್ನಲಾಗಿದೆ." ಅರ್ಧ ಗಂಟೆಯೊಳಗೆ ಯಾರೋ ಸಚಿವಾಲಯದ ಹಳೆಯ ಗುಂಪುಫೋಟೋ ಒಂದನ್ನು ಹುಡುಕಿ ತಂದರು. ತುದಿಯಲ್ಲಿ ನಿಂತಿದ್ದ ಹೆಂಗಸಿನ ಮುಖಕ್ಕೆ ಕೆಂಪು ಸುತ್ತು ಹಾಕಿ ತೋರಿಸಿದರು. ಮರುದಿನವೂ ತೋರಿಸಿದರು. ಮಂಗಳವಾರ ಸಂಜೆ ಆಕೆಯನ್ನು ಅಮಾನತು ಮಾಡಿದ ಆದೇಶ ಹೊರಬಿತ್ತು. ವಾಹಿನಿಯಲ್ಲಿ "ನಮ್ಮ ವರದಿಯ ಫಲಶ್ರುತಿ" ಎಂಬ ಪಟ್ಟಿ ಓಡಿತು. ಮುಖ್ಯಸ್ಥ ಎಲ್ಲರಿಗೂ ಕೇಕು ತರಿಸಿದ.

ಬುಧವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅಪ್ಪ ಕೇಳಿದರು, "ಪುಟ್ಟೀ, ಆಕೆ ಬರೆದ ಕಾಗದ ನೋಡಿದ್ಯಾ?"

"ಯಾವ ಕಾಗದ?"

"ತಪ್ಪು ಬರೆದಿದ್ದಾಳೆ ಅಂದ್ಯಲ್ಲ. ಏನು ಬರೆದಿದ್ಲು ಅಂತ ನೋಡಿರಬೇಕಲ್ಲ."

"ಅಪ್ಪಾ, ಅದೆಲ್ಲ ಯಾರಾದ್ರೂ ತೋರಿಸ್ತಾರಾ? ಹೇಳಿದವರು ನಂಬಿಕಸ್ಥರು."

ಅಪ್ಪ ಬ್ರೆಡ್ಡಿನ ಅಂಚು ಮುರಿದು ಚಹಾದಲ್ಲಿ ಅದ್ದಿದರು. ಅವರು ಜಗಳವಾಡಿದ್ದರೆ ಅವಳಿಗೆ ಸುಲಭವಿತ್ತು. ಕಾರಿನ ಕೀ ಹುಡುಕಲು ಮೂರು ಸಲ ಒಳಗೆ ಹೋದಳು. ಕೀ ಕೈಯಲ್ಲೇ ಇತ್ತು. ಕಚೇರಿಯ ದಾರಿ ಹಿಡಿದವಳು ಅರ್ಧದಲ್ಲಿ ತಿರುಗಿಸಿ, ಸಚಿವಾಲಯದ ನೌಕರರ ವಸತಿಗೃಹಗಳ ಕಡೆಗೆ ಹೋದಳು.

ಮೂರನೆಯ ಮಹಡಿ. ಬಾಗಿಲು ತೆರೆದವಳು ಶೀಘ್ರಲಿಪಿಗಾರ್ತಿಯೇ. ಐವತ್ತರ ಹತ್ತಿರದ ವಯಸ್ಸು, ಸಣ್ಣ ದೇಹ. ಗಡಿಬಿಡಿ ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೇಲಿನ ಗ್ಯಾಲರಿಯಿಂದ ಕಾಣುತ್ತಿದ್ದದ್ದು ಬೈತಲೆ ಮತ್ತು ಓಡುವ ಬಲಗೈ ಮಾತ್ರ. ಆಕೆ ಒಳಗೆ ಕರೆಯಲಿಲ್ಲ.

"ಇನ್ನೇನು ಬಾಕಿ ಇದೆ? ಕ್ಯಾಮೆರಾ ಕೆಳಗಿದೆಯಾ?"

"ಇಲ್ಲ. ನಾನೊಬ್ಬಳೇ ಬಂದೆ. ಆ ದಿನ ಏನಾಯ್ತು ಅಂತ..."

"ಅದನ್ನ ಸೋಮವಾರ ಕೇಳಬೇಕಿತ್ತು." ಆಕೆಯ ಧ್ವನಿ ಏರಲಿಲ್ಲ. "ನನ್ನ ಮಗ ಎರಡು ದಿನದಿಂದ ಕಾಲೇಜಿಗೆ ಹೋಗಿಲ್ಲ. ನನ್ನ ಕಿವಿ ಕಿವುಡಂತೆ. ಟಿವೀಲಿ ಹೇಳಿದ್ರಿ. ಪಕ್ಕದ ಮನೆಯವರು ನನ್ನ ಹತ್ರ ಜೋರಾಗಿ ಮಾತಾಡ್ತಿದ್ದಾರೆ, ಗೊತ್ತಾ?"

ಗಡಿಬಿಡಿ ಚೀಲದಿಂದ ಪೆನ್ನು ತೆಗೆದು, ಮತ್ತೆ ಒಳಗಿಟ್ಟಳು.

"ನಾನು ಮೊದಲು ಅಂತಲೇ ಬರೆದೆ" ಎಂದಳು ಶೀಘ್ರಲಿಪಿಗಾರ್ತಿ. "ಟೈಪ್ ಮಾಡಿದ್ದು ಮಂತ್ರಿ ಕಚೇರಿಗೆ ಹೋಗುತ್ತೆ, ಅವರು ಭಾಷೆಯ ತಪ್ಪು ಏನಾದ್ರೂ ಇದ್ರೆ ನೋಡಿ ವಾಪಸ್ ಕಳಿಸ್ತಾರೆ. ಆಮೇಲೆ ಅಚ್ಚಿಗೆ. ನಾನು ಶೀಘ್ರಲಿಪೀಲಿ ಬರೆದ ಪುಸ್ತಕ ನಿನ್ನೆ ಅಮಾನತು ಮಾಡಿದಾಗಲೇ ಕಿತ್ಕೊಂಡ್ರು."

"ಅಂದ್ರೆ ಸಾಕ್ಷಿ ಅಂತ ಏನೂ..."

"ನನ್ನ ಪಾಳಿ ಹತ್ತು ನಿಮಿಷ. ಮುಗಿಯೋಕೆ ಒಂದು ನಿಮಿಷ ಮುಂಚೆ ಮುಂದಿನವರು ಬಂದು ಪಕ್ಕದಲ್ಲಿ ಕೂತು ಬರೆಯೋಕೆ ಶುರು ಮಾಡ್ತಾರೆ. ಆ ಒಂದು ನಿಮಿಷ ಇಬ್ಬರೂ ಬರೀತೀವಿ, ಮಾತು ತಪ್ಪಿ ಹೋಗಬಾರದು ಅಂತ. ಮಂತ್ರಿ ಆ ಮಾತು ಆಡಿದ್ದು ಅಂಥ ನಿಮಿಷದಲ್ಲೇ. ಹತ್ತೊಂಬತ್ತು ವರ್ಷ ಮೇಲಿಂದ ನೋಡಿದ್ದೀರಿ. ಇದೂ ಗೊತ್ತಾಗಲಿಲ್ವಾ?"

ಬಾಗಿಲು ಮುಚ್ಚಿತು. ಗಡಿಬಿಡಿ ಮೆಟ್ಟಿಲಿಳಿದಳು. ಹೌದು, ಅವಳು ನೋಡಿದ್ದಳು. ಒಬ್ಬರು ಏಳುವ ಮುಂಚೆ ಇನ್ನೊಬ್ಬರು ಬಂದು ಕೂರುವುದನ್ನು ಸಾವಿರ ಸಲ ನೋಡಿದ್ದಳು. ಯಾಕೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಆಕೆಯ ನಂತರ ಆ ಸಂಜೆ ಬರೆದವರು ಸಚಿವಾಲಯದಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಹಿರಿಯರು. ಕಿರಿಯರಿಗೆಲ್ಲ ಶೀಘ್ರಲಿಪಿ ಕಲಿಸಿದವರು. ನಿವೃತ್ತಿಗೆ ಮೂರು ತಿಂಗಳಿತ್ತು. ಗಡಿಬಿಡಿ ಫೋನು ಮಾಡಿದರೆ ಎತ್ತಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಕನ್ನಡಕ ಒರೆಸುತ್ತ ಗೋಡೆಯ ಕಡೆ ತಿರುಗಿಕೊಂಡರು. ಮೂರು ದಿನ ಅವಳು ಅವರ ಬೆನ್ನು ಬಿಡಲಿಲ್ಲ. ಶನಿವಾರ ಅವರೇ ಯಾರದೋ ಫೋನಿನಿಂದ ಕರೆದು, "ಭಾನುವಾರ ಬೆಳಿಗ್ಗೆ ಸಾರ್ವಜನಿಕ ಗ್ರಂಥಾಲಯ, ಓದುವ ಕೋಣೆ. ಹತ್ತು ಗಂಟೆ" ಎಂದಿಷ್ಟೇ ಹೇಳಿ ಇಟ್ಟುಬಿಟ್ಟರು.

ಓದುವ ಕೋಣೆಯಲ್ಲಿ ಉದ್ದನೆಯ ಮೇಜುಗಳು. ನಾಲ್ಕೈದು ಜನ ಪತ್ರಿಕೆ ಹರಡಿಕೊಂಡು ತೂಕಡಿಸುತ್ತಿದ್ದರು. ಮೇಷ್ಟ್ರು ಕಿಟಕಿಯ ಪಕ್ಕದಲ್ಲಿ ಕೂತಿದ್ದರು. ತರಕಾರಿ ಚೀಲದೊಳಗಿಂದ ಉದ್ದಗೆರೆಯ ನೋಟ್‌ಪುಸ್ತಕ ಹೊರತೆಗೆದರು.

"ಇದು ಕಚೇರಿಯ ಸೊತ್ತು. ಹೊರಗೆ ತರೋ ಹಾಗಿಲ್ಲ. ಮೂವತ್ತಾರು ವರ್ಷದಲ್ಲಿ ಒಂದು ಗುಂಡುಸೂಜಿ ತಂದವನಲ್ಲ ನಾನು. ಅವಳ ಪುಸ್ತಕ ಕಿತ್ಕೊಂಡ್ರು ಅಂತ ಗೊತ್ತಾದಾಗ ಭಯ ಆಯ್ತು. ನನ್ನದೂ ಕಾಣೆಯಾದ್ರೆ?"

ಪುಟ ತೆರೆದರು. ಗೀಟು, ಕೊಂಡಿ, ಚುಕ್ಕೆ. ಗಡಿಬಿಡಿಗೆ ಅದು ಗುಬ್ಬಿ ಕಾಲಿನ ಗುರುತಿನಂತೆ ಕಂಡಿತು.

"ಇಲ್ಲಿದೆ ನೋಡಿ" ಎಂದು ಬೆರಳಿಟ್ಟರು.

"ನನಗೆ ಓದೋಕೆ ಬರಲ್ಲವಲ್ಲ ಮೇಷ್ಟ್ರೇ. ಫೋಟೋ ತಗೊಳ್ಳಲಾ?"

"ಬೇಡ ಬೇಡ." ಅವರು ಪುಸ್ತಕವನ್ನು ಎದೆಗೊತ್ತಿಕೊಂಡರು. "ನನ್ನ ಪಿಂಚಣಿಯ ಕಾಗದ ಇನ್ನೂ ಸಹಿ ಆಗಿಲ್ಲ ಕಣಮ್ಮ."

ಒಂದು ಸಲ ಬರೇ ಬಾಯಿಮಾತು ನಂಬಿ ಕೆಟ್ಟಿದ್ದಳು. ಎರಡನೆಯ ಸಲ ಸಾಧ್ಯವಿರಲಿಲ್ಲ. ಅವಳಿಗೆ ಅಪ್ಪ ನೆನಪಾದರು. ಪತ್ರಿಕೆಗೆ ಸೇರುವ ಮುಂಚೆ ಸರ್ಕಾರಿ ಕೆಲಸದ ಆಸೆಯಿಂದ ಎರಡು ವರ್ಷ ಶೀಘ್ರಲಿಪಿ ಕಲಿತವರು ಅವರು. ಮನೆಗೆ ಫೋನು ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಗಂಡ ಅವರನ್ನು ಕರೆತಂದು ಬಾಗಿಲಲ್ಲಿ ಬಿಟ್ಟು ಅಂಗಡಿಗೆ ಹೋದ. ಅಪ್ಪ ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು.

ಮಗಳು ಯಾವ ಸಾಲು ಎಂದು ಮಾತ್ರ ತೋರಿಸಿದಳು. ಏನಿರಬಹುದೆಂದು ಹೇಳಲಿಲ್ಲ. ಅಪ್ಪ ಮೂಗು ಕಾಗದಕ್ಕೆ ತಾಗುವಷ್ಟು ಬಾಗಿದರು.

"ಈ ಕೊಂಡಿ ಹೀಗ್ಯಾಕೆ ಬಳುಕಿದೆ? ನಮ್ಮ ಕಾಲದಲ್ಲಿ ನೇರ ಬರೀತಿದ್ವಿ."

"ಅದು ನನ್ನ ಕೈ ಸ್ವಾಮಿ. ಮಂತ್ರಿ ಓಡಿಸ್ತಿದ್ದ. ಬಳುಕದೆ ಏನು ಮಾಡುತ್ತೆ?" ಮೇಷ್ಟ್ರಿಗೆ ಸ್ವಲ್ಪ ಸಿಟ್ಟೇ ಬಂತು.

"ಕೋಪ ಮಾಡ್ಕೋಬೇಡಿ. ಮನೆ... ಮನೆಗಳನ್ನು... ಕೆಡ... ಕೆಡವುವ ಮೊದಲು." ಅಪ್ಪ ತಲೆಯೆತ್ತಿದರು. "ಕೆಡವುವ ಮೊದಲು. ಬೇರೆ ಹೇಗೂ ಓದೋಕೆ ಆಗಲ್ಲ."

ಗಡಿಬಿಡಿ ಎದ್ದು ಕಿಟಕಿಯವರೆಗೆ ಹೋದಳು. ವಾಪಸು ಬಂದು ಕೂತಳು. ಮತ್ತೆ ಎದ್ದಳು. ತೂಕಡಿಸುತ್ತಿದ್ದ ಒಬ್ಬರು ಕಣ್ಣು ತೆರೆದು ಶ್ ಎಂದರು.

ಅಲ್ಲಿಂದಲೇ, ಗ್ರಂಥಾಲಯದ ಜಗಲಿಯಲ್ಲಿ ನಿಂತು, ಕಾರ್ಯದರ್ಶಿಗೆ ಫೋನು ಮಾಡಿದಳು. ಪುಸ್ತಕದ ವಿಷಯ ತೆಗೆಯಲಿಲ್ಲ. ಟೈಪಾದ ಪ್ರತಿ ನಿಮ್ಮ ಕಚೇರಿಗೆ ಬಂದಾಗ ಅದರಲ್ಲಿ ಏನಿತ್ತು ಎಂದು ಮಾತ್ರ ಕೇಳಿದಳು.

"ಈಗ್ಯಾಕಕ್ಕ ಅದೆಲ್ಲ? ತಿದ್ದೋದು ಸದಸ್ಯರ ಹಕ್ಕು. ಸಾಹೇಬ್ರು ಹೇಳಿದ್ರು, ತಿದ್ದಿದ್ವಿ. ಅಷ್ಟೇ ತಾನೇ?"

"ಅಂದ್ರೆ ಆಕೆ ಸರಿಯಾಗೇ ಬರೆದಿದ್ರು."

"ಅಕ್ಕಾ, ನಾನು ನಿಮಗೆ ಏನೂ ಹೇಳಿಲ್ಲ. ಇವತ್ತೂ ಹೇಳಿಲ್ಲ, ಅವತ್ತೂ ಹೇಳಿಲ್ಲ" ಎಂದು ಅವನು ಇಟ್ಟ.

ಸೋಮವಾರ ವಾಹಿನಿಯ ಮುಖ್ಯಸ್ಥನ ಗಾಜಿನ ಕೋಣೆಯಲ್ಲಿ ಅವಳು ಎಲ್ಲವನ್ನೂ ಒಪ್ಪಿಸಿದಳು. ಅವನು ಪೂರ್ತಿ ಕೇಳಿದ. ಕೆಟ್ಟವನೇನಲ್ಲ. ಮಧ್ಯೆ ಎರಡು ಸಲ ತಲೆ ತುರಿಸಿಕೊಂಡ.

"ತಿದ್ದುಪಡಿ ಹೇಳಬೇಕು ಸರ್. ಇವತ್ತೇ."

"ಮೇಡಂ, ಜನ ಮರೆತಾಯ್ತು. ಈಗ ನಾವೇ ನೆನಪು ಮಾಡಿಸಿ, ನಾವೇ ತಪ್ಪು ಅನ್ನೋದಾ? ಪತ್ರಿಕೆಯಲ್ಲಾದ್ರೆ ಒಳಪುಟದಲ್ಲಿ ಒಂದು ಮೂಲೆ ಇರುತ್ತೆ. ಟಿವೀಲಿ ಮೂಲೆ ಎಲ್ಲಿದೆ?"

"ಆಕೆಯ ಮುಖಕ್ಕೆ ಸುತ್ತು ಹಾಕಿದ್ವಲ್ಲ."

"ಶುಕ್ರವಾರ ಮಂತ್ರಿ ನಮ್ಮ ಸ್ಟುಡಿಯೋಗೆ ಬರ್ತಿದ್ದಾರೆ. ನೀವೇ ಸಂದರ್ಶನ ಮಾಡೋದು. ಅದು ಮುಗೀಲಿ. ಆಮೇಲೆ ಏನಾದ್ರೂ ದಾರಿ ನೋಡೋಣ."

ಆಮೇಲೆ ಎಂಬುದು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ನಾಲ್ಕು ದಿನ ಮನೆಯವರಿಗೆ ಅವಳ ಕಾಟ ಹೇಳತೀರದು. ಕಪಾಟಿನ ಬಟ್ಟೆಯನ್ನೆಲ್ಲ ಕೆಳಗೆ ಹಾಕಿ ಮಡಚಿದಳು, ಮಡಚಿದ್ದನ್ನೇ ಮತ್ತೆ ಮಡಚಿದಳು. ಗಂಡ ಕೊನೆಗೆ, "ಏನಾದ್ರೂ ಒಂದು ಮಾಡಿಬಿಡು ಮಾರಾಯ್ತಿ. ಕೆಲಸ ಹೋದ್ರೆ ಹೋಗಲಿ, ಅಂಗಡೀಲಿ ಕೂತ್ಕೋ. ಆದ್ರೆ ಗಿರಾಕಿಗಳಿಗೆ ಅವಸರದಲ್ಲಿ ಬೇರೆ ಮಾತ್ರೆ ಕೊಟ್ಟುಬಿಡಬೇಡ" ಎಂದ. ಅವಳಿಗೆ ನಗು ಬಂತು. ನಗುತ್ತಿದ್ದ ಹಾಗೇ ಅಳು ಬಂತು.

ಶುಕ್ರವಾರ ಸಂಜೆ ಏಳು ಗಂಟೆ. ಮಂತ್ರಿ ಗರಿಗರಿ ಬಟ್ಟೆಯಲ್ಲಿ ಬಂದ. ಮುಖಕ್ಕೆ ಪೌಡರು ಹಾಕಿಸಿಕೊಳ್ಳುತ್ತ ಎಲ್ಲರ ಕ್ಷೇಮ ವಿಚಾರಿಸಿದ. ಮೊದಲ ಹದಿನೈದು ನಿಮಿಷ ಸೇತುವೆ, ರಸ್ತೆ, ಚುನಾವಣೆಯ ಮಾತು. ಅವಳ ಮೊಣಕಾಲು ಮೇಜಿನಡಿ ಒಂದೇ ಸಮನೆ ಕುಣಿಯುತ್ತಿತ್ತು. ನಂತರ ಅವಳು ಕೇಳಿದಳು.

"ಆ ಗುರುವಾರ ಸದನದಲ್ಲಿ ನೀವು ಮೊದಲು ಅಂದ್ರಾ, ನಂತರ ಅಂದ್ರಾ?"

ಮಂತ್ರಿ ನಕ್ಕ. "ನೋಡಿ ತಂಗಿ, ಅದರ ಬಗ್ಗೆ ನಿಮ್ಮ ಚಾನೆಲ್ಲೇ ಸತ್ಯ ಹೊರಗೆ ತಂದಿದೆ."

"ಇಲ್ಲ, ತಂದಿಲ್ಲ" ಎಂದಳು ಅವಳು. ಮಂತ್ರಿಯನ್ನು ಬಿಟ್ಟು ಕ್ಯಾಮೆರಾ ಕಡೆ ತಿರುಗಿದಳು. "ಹೋದ ವಾರದ ಸೋಮವಾರ ಇದೇ ವಾಹಿನಿಯಲ್ಲಿ, ನಡವಳಿಯಲ್ಲಿ ಆದ ತಪ್ಪು ಶೀಘ್ರಲಿಪಿಗಾರ್ತಿಯದು ಎಂದು ನಾನು ಹೇಳಿದೆ. ನಾನು ಒಂದು ಕಾಗದವನ್ನೂ ನೋಡಿರಲಿಲ್ಲ. ಅವರನ್ನು ಕೇಳಿಯೂ ಇರಲಿಲ್ಲ. ಅವರು ಸರಿಯಾಗಿ ಬರೆದಿದ್ದರು. ಅವರ ಕಿವಿಗೆ ಏನೂ ಆಗಿಲ್ಲ. ಮಾತನ್ನು ಆಮೇಲೆ ಬದಲಿಸಲಾಗಿದೆ. ತಪ್ಪು ನನ್ನದು."

ಇಯರ್‌ಫೋನಿನಲ್ಲಿ ಮೂರು ಜನ ಒಟ್ಟಿಗೇ ಕೂಗುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ಆರಿತು. ಜಾಹೀರಾತು ಶುರುವಾಗಿತ್ತು.

ಮಂತ್ರಿ ಕಾಲರಿನ ಮೈಕನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟ. ಸಿಟ್ಟು ಮಾಡಲಿಲ್ಲ. "ಚೆನ್ನಾಗಿ ಬೆಳೆದಿದ್ರಿ" ಎಂದ, ತೀರಿಹೋದವರ ಬಗ್ಗೆ ಹೇಳುವವನಂತೆ.

ಮುಖ್ಯಸ್ಥ ಅವಳನ್ನು ಕೋಣೆಗೆ ಕರೆಯಲೂ ಇಲ್ಲ. ಬಾಗಿಲಲ್ಲೇ ಗುರುತಿನ ಚೀಟಿ ಕೊಟ್ಟು ಹೊರಬಂದಳು. ಐದು ವರ್ಷದ ಸಾಮಾನು ಒಂದು ಕೈಚೀಲದಲ್ಲಿ ಹಿಡಿಯಿತು.

ಮರುದಿನ ಶೀಘ್ರಲಿಪಿಗಾರ್ತಿಗೆ ಫೋನು ಮಾಡಿದಳು. ಆಕೆ ಎತ್ತಿದಳು.

"ನೋಡಿದೆ. ಮಗ ಗಡಿಯಾರ ನೋಡ್ತಿದ್ದ. ನಲವತ್ತು ಸೆಕೆಂಡಂತೆ. ನನ್ನ ಮುಖ ತೋರಿಸಿದ್ದು ಎರಡು ದಿನ."

"ಗೊತ್ತು."

"ಇನ್ನು ನನ್ನ ವಿಷಯಕ್ಕೆ ಬರಬೇಡಿ. ಒಳ್ಳೇದು ಮಾಡೋಕೂ ಬರಬೇಡಿ." ಇಟ್ಟುಬಿಟ್ಟಳು.

ಆದರೆ ಬರದಿರಲು ಆಗಲಿಲ್ಲ. ಎರಡು ತಿಂಗಳ ನಂತರ ಇಲಾಖೆಯ ವಿಚಾರಣೆ ಶುರುವಾಯಿತು. ಸದನದ ಧ್ವನಿಮುದ್ರಿಕೆ ಇನ್ನೂ ಸಭಾಧ್ಯಕ್ಷರ ಪರಿಶೀಲನೆಯಲ್ಲೇ ಇತ್ತು. ಸಾಕ್ಷಿ ಹೇಳಲು ಗಡಿಬಿಡಿಗೆ ನೋಟೀಸು ಬಂತು. ಟಿವಿಯಲ್ಲಿ ಹೇಳಿದ್ದನ್ನು ಯಾರಿಂದ ತಿಳಿದಿರಿ ಎಂಬುದೇ ಮೊದಲ ಪ್ರಶ್ನೆ ಎಂದು ಅದರಲ್ಲೇ ಬರೆದಿತ್ತು.

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಒಬ್ಬರ ಹೆಸರನ್ನೂ ಬಿಟ್ಟುಕೊಟ್ಟಿರಲಿಲ್ಲ. ಒಮ್ಮೆ ಪೊಲೀಸ್ ಠಾಣೆಯಲ್ಲಿ ಆರು ಗಂಟೆ ಕೂರಿಸಿದ್ದರು, ಆಗಲೂ ತುಟಿ ಬಿಚ್ಚಿರಲಿಲ್ಲ. ಅವಳ ಬಳಿ ಜನ ಬಾಯಿಬಿಡುತ್ತಿದ್ದದ್ದೇ ಆ ಕಾರಣಕ್ಕೆ. ಹಳೆಯ ಪತ್ರಿಕೆಯ ಗೆಳೆಯರು ಫೋನು ಮಾಡಿ, "ಹೆಸರು ಹೇಳಿದ್ರೆ ನೀನು ಮುಗಿದ ಹಾಗೆ" ಎಂದು ಎಚ್ಚರಿಸಿದರು. ಅದು ಬೆದರಿಕೆಯಲ್ಲ, ನಿಜ.

ಅಪ್ಪನನ್ನು ಕೇಳಿದಳು. ಅಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ನನಗೆ ಗೊತ್ತಾಗ್ತಿಲ್ಲ ಪುಟ್ಟೀ. ನನ್ನ ಕೆಲಸದಲ್ಲಿ ಮೂಲ ಪ್ರತಿ ಕಣ್ಣೆದುರು ಇರ್ತಿತ್ತು" ಎಂದರು. ಅವರಿಗೆ ಗೊತ್ತಿಲ್ಲವೆಂಬುದು ಅವಳಿಗೆ ಇನ್ನಷ್ಟು ಕಷ್ಟವಾಯಿತು.

ವಿಚಾರಣೆಯ ಕೋಣೆ ಸಚಿವಾಲಯದ ಹಿಂಭಾಗದಲ್ಲಿತ್ತು. ಕಡತಗಳ ಬೀರು, ತಿರುಗುವಾಗ ಕಿರುಗುಟ್ಟುವ ಫ್ಯಾನು. ನಿವೃತ್ತ ನ್ಯಾಯಾಧೀಶರೊಬ್ಬರು ವಿಚಾರಣಾಧಿಕಾರಿ. ಎದುರಿನ ಕುರ್ಚಿಯಲ್ಲಿ ಶೀಘ್ರಲಿಪಿಗಾರ್ತಿ ಕೈಕಟ್ಟಿ ಕೂತಿದ್ದಳು.

"ಯಾರು ಹೇಳಿದರು?"

ಗಡಿಬಿಡಿ ಒಂದು ಲೋಟ ನೀರು ಕುಡಿದಳು. ಕಾರ್ಯದರ್ಶಿಯ ಹೆಸರು, ಹುದ್ದೆ, ಫೋನು ಬಂದ ಹೊತ್ತು, ಅವನಾಡಿದ ಮಾತುಗಳು, ಎಲ್ಲವನ್ನೂ ಹೇಳಿದಳು.

"ಅದು ಸುಳ್ಳು ಎಂದು ನಿಮಗೆ ಹೇಗೆ ಗೊತ್ತಾಯಿತು? ಬರಹ ನೋಡಿದಿರಾ?"

"ನೋಡಿದೆ."

"ಯಾರ ಬರಹ? ಯಾರು ತೋರಿಸಿದರು?"

"ಅದನ್ನ ಹೇಳಲ್ಲ."

ಅಧಿಕಾರಿ ಕನ್ನಡಕ ಕೆಳಗಿಳಿಸಿದರು. "ಒಬ್ಬರ ಹೆಸರು ಹೇಳ್ತೀರಿ, ಇನ್ನೊಬ್ಬರದ್ದು ಹೇಳಲ್ಲ. ಇದ್ಯಾವ ನ್ಯಾಯ?"

"ಒಬ್ಬರು ನನ್ನ ಬಾಯಲ್ಲಿ ಸುಳ್ಳು ಆಡಿಸಿದರು ಸ್ವಾಮಿ. ಇನ್ನೊಬ್ಬರು ಹಾಗೆ ಮಾಡಲಿಲ್ಲ."

"ಹಾಗಾದರೆ ನಿಮ್ಮ ಸಾಕ್ಷ್ಯ ಅರ್ಧ ಮಾತ್ರ."

"ಅರ್ಧ ಅಂತಲೇ ಬರ್ಕೊಳ್ಳಿ."

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ವಾಹಿನಿ ಕೊಟ್ಟಿದ್ದ ಕಾರು ಕೆಲಸದ ಜೊತೆಗೇ ಹೋಗಿದ್ದರಿಂದ ಇಬ್ಬರೂ ಒಂದೇ ಬಸ್ ನಿಲ್ದಾಣದ ಕಡೆ ನಡೆಯಬೇಕಾಗಿತ್ತು. ಹತ್ತು ಹೆಜ್ಜೆ ಅಂತರದಲ್ಲಿ ನಡೆದರು. ನಿಲ್ದಾಣದಲ್ಲಿ ನೆರಳು ಒಂದೇ ಕಡೆ ಇದ್ದದ್ದರಿಂದ ಹತ್ತಿರ ನಿಲ್ಲಬೇಕಾಯಿತು.

"ಮೇಷ್ಟ್ರ ಹೆಸರು ಹೇಳಿದ್ರೆ ಇವತ್ತೇ ನನ್ನ ಕೇಸು ಮುಗೀತಿತ್ತು" ಎಂದಳು ಶೀಘ್ರಲಿಪಿಗಾರ್ತಿ.

"ಹೌದು."

"ಹೇಳ್ತೀರಾ ಅಂತ ಒಳಗೇ ಬೇಡ್ಕೊಳ್ತಿದ್ದೆ. ಹೇಳಬಾರದು ಅಂತಲೂ ಬೇಡ್ಕೊಳ್ತಿದ್ದೆ. ನನಗೆ ಕೆಲಸ ಕಲಿಸಿದವರು ಅವರು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತೆ ಅಂತಲೂ ಅನ್ನಿಸಲ್ಲ."

ಬಸ್ಸು ಬಂತು. ಆಕೆ ಹತ್ತಿದಳು. ಗಡಿಬಿಡಿ ಮುಂದಿನ ಬಸ್ಸಿಗೆ ಕಾದಳು.

ಮುಂದಿನ ತಿಂಗಳ ಕೊನೆಯ ದಿನ ಮೇಷ್ಟ್ರು ನಿವೃತ್ತರಾದರು. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಮರುದಿನ ಬೆಳಿಗ್ಗೆ ಅವರು ತರಕಾರಿ ಚೀಲ ಹಿಡಿದು ವಿಚಾರಣಾಧಿಕಾರಿಯ ಕೋಣೆಗೆ ಹೋಗಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಕಚೇರಿಯ ಸೊತ್ತನ್ನು ಹೊರಗೊಯ್ದ ತಪ್ಪಿಗೆ ಮೊದಲು ತನ್ನ ಮೇಲೆ ಕ್ರಮ ಕೈಗೊಳ್ಳಿ, ಆಮೇಲೆ ಇದನ್ನು ಓದಿ ಎಂದರಂತೆ. ಪಿಂಚಣಿಯನ್ನು ಎಂಟು ತಿಂಗಳು ತಡೆಹಿಡಿದರು. ಅವರು ಬಗ್ಗಲಿಲ್ಲ.

ಶೀಘ್ರಲಿಪಿಗಾರ್ತಿ ಕೆಲಸಕ್ಕೆ ಮರಳಿದಳು. ಸಂಬಳದ ದರ್ಜೆ, ಹಿರಿತನ ಎಲ್ಲ ಉಳಿಯಿತು. ನಡವಳಿಗೆ ಒಂದು ತಿದ್ದೋಲೆ ಹೊರಬಂತು. ಕಾರ್ಯದರ್ಶಿಯನ್ನು ಬೇರೆ ಇಲಾಖೆಗೆ ಹಾಕಿದರು. ಮಂತ್ರಿ ಮಂತ್ರಿಯಾಗಿಯೇ ಉಳಿದ. ಹಳಿಯ ಪಕ್ಕದ ಇನ್ನೂರ ಹನ್ನೆರಡು ಕುಟುಂಬಗಳಲ್ಲಿ ನೂರ ನಲವತ್ತಕ್ಕೆ ಕೆಡವುವ ಮುಂಚೆಯೇ ಮನೆ ಸಿಕ್ಕಿತು. ಉಳಿದವರಿಗೆ ಪಟ್ಟಿಯಲ್ಲಿ ಹೆಸರಿಲ್ಲ ಎಂದರು.

ಗಡಿಬಿಡಿಯ ಫೋನು ಸುಮ್ಮನಾಯಿತು. ಗೆಳೆಯರು ಹೇಳಿದ್ದು ಸುಳ್ಳಾಗಲಿಲ್ಲ. ದಿನಕ್ಕೆ ನೂರು ಸಲ ಹೊಡೆದುಕೊಳ್ಳುತ್ತಿದ್ದದ್ದು ಈಗ ಗಂಡನ ಅಂಗಡಿಯಿಂದ, ಬ್ಯಾಂಕಿನಿಂದ ಬರುವ ಕರೆ ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಕಾರಿಡಾರಿನಲ್ಲಿ ಅವಳನ್ನು ಕಂಡರೆ ಅಧಿಕಾರಿಗಳು ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದರು. ಯಾವ ವಾಹಿನಿಯೂ ಕರೆಯಲಿಲ್ಲ. ಒಂದು ಸಣ್ಣ ವಾರಪತ್ರಿಕೆಯವರು ವಾರಕ್ಕೆ ಎರಡು ಪುಟ ಕೊಟ್ಟರು. ಯಾರೂ ಏನೂ ಹೇಳದಿದ್ದುದರಿಂದ ಅವಳು ಎಲ್ಲವನ್ನೂ ಕಾಗದದಲ್ಲಿ ಹುಡುಕಬೇಕಾಯಿತು. ಟೆಂಡರು, ಆದೇಶ, ಪಟ್ಟಿ. ಅರ್ಜಿ ಹಾಕಿ, ಕಾದು, ಇಲ್ಲವೆನಿಸಿಕೊಂಡು, ಮತ್ತೆ ಅರ್ಜಿ ಹಾಕಿ ಪಡೆಯುವ ಕೆಲಸ. ಕಾಯುವುದು ಅವಳ ಜಾಯಮಾನವೇ ಅಲ್ಲ. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಕಾಲು ಬದಲಿಸುತ್ತ, ಮುಂದಿನವರ ಭುಜದ ಮೇಲಿಂದ ಇಣುಕುತ್ತ, ಗುಮಾಸ್ತನ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಸಾಲು ಬಿಟ್ಟು ಮಾತ್ರ ಹೋಗಲಿಲ್ಲ.

ಈಗ ಅವಳು ಬಿದ್ದಿರುವುದು ಪಟ್ಟಿಯಲ್ಲಿ ಹೆಸರಿಲ್ಲದ ಆ ಎಪ್ಪತ್ತೆರಡು ಮನೆಗಳವರ ಬೆನ್ನಿಗೆ. ಹಳಿಯಾಚೆಯ ತಗಡಿನ ಶೆಡ್ಡುಗಳಲ್ಲಿ ಒಂದೊಂದನ್ನೂ ಹೊಕ್ಕು, ಹಳೆಯ ವಿದ್ಯುತ್ ಬಿಲ್ಲು, ಶಾಲೆಯ ಚೀಟಿ, ಏನಿದ್ದರೂ ತೋರಿಸಿ ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಇಲ್ಲಿಯವರೆಗೆ ಮೂವತ್ತೊಂದು ಆಗಿವೆ. ಮೊನ್ನೆ ಒಬ್ಬ ಮುದುಕಿ ಯಾವ ಚಾನೆಲ್ಲಮ್ಮ ಎಂದು ಕೇಳಿದಳು. ಯಾವುದೂ ಅಲ್ಲ ಎಂದಾಗ, "ಹಾಗಾದ್ರೆ ನಿನಗ್ಯಾಕೆ ತೋರಿಸಲಿ?" ಎಂದು ಟ್ರಂಕಿನ ಮುಚ್ಚಳ ಹಾಕಿಬಿಟ್ಟಳು. ಗಡಿಬಿಡಿ ಒಂದು ಗಂಟೆ ಹೊಸ್ತಿಲ ಬಳಿ ಕೂತಿದ್ದು, ನಾಳೆ ಬರ್ತೀನಿ ಎಂದು ಎದ್ದಳು. ಮರುದಿನ ಹೋದಳು. ಮುದುಕಿ ಮನೆಯಲ್ಲಿರಲಿಲ್ಲ.